ಬಿಸಿಲಲ್ಲಿ ತೋಟದ ಕೆಲಸಕ್ಕೆ ಎಂಥ ಶೂ ಹಾಕುತ್ತೀರಿ? ಗಮ್‌ಬೂಟಲ್ಲಿ ಕಾಲು ಬೇಯುತ್ತಿದೆ

ಹೊಸಹೊಲ

ಎಲ್ಲರಿಗೂ ನಮಸ್ಕಾರ. ನನ್ನದು ಒಂದೂವರೆ ಎಕರೆ. ಅರ್ಧದಲ್ಲಿ ತರಕಾರಿ, ಉಳಿದದ್ದರಲ್ಲಿ ಹಣ್ಣಿನ ಗಿಡ, ಜೊತೆಗೆ ಒಂದಷ್ಟು ಕೋಳಿ, ನಾಲ್ಕು ಆಡು. ಮಳೆಗಾಲಕ್ಕೆ ಅಂತ ತಂದ ಗಮ್‌ಬೂಟನ್ನೇ ಬೇಸಿಗೆಯಲ್ಲೂ ಎಳೆದುಕೊಂಡು ಓಡಾಡುತ್ತಿದ್ದೇನೆ. ಬೆಳಿಗ್ಗೆ 6ಕ್ಕೆ ಹಾಕಿದರೆ 11ಕ್ಕೆ ಬಿಚ್ಚುವಾಗ ಸಾಕ್ಸ್ ಹಿಂಡಬಹುದು, ಸುಳ್ಳಲ್ಲ. ಬೆರಳೆಲ್ಲ ಬೆಳ್ಳಗಾಗಿ ಸುಕ್ಕುಗಟ್ಟಿರುತ್ತವೆ, ಪಾತ್ರೆ ತೊಳೆದ ಕೈ ಥರ.

ಸಾಕಪ್ಪಾ ಅಂತ ಚಪ್ಪಲಿಗೆ ಬಂದೆ. ಮೂರನೇ ದಿನವೇ ಮುಳ್ಳು ಅಟ್ಟೆ ದಾಟಿ ಹಿಮ್ಮಡಿಗೆ ಹೊಕ್ಕಿತು. ಆಮೇಲೆ ಹಳೇ ಸ್ಪೋರ್ಟ್ಸ್ ಶೂ ಹಾಕಿ ನೋಡಿದೆ. ತಂಪಾಗೇನೋ ಇತ್ತು. ಆದರೆ ಆ ಜಾಲರಿ ಬಟ್ಟೆಯೊಳಗೆ ಧೂಳು, ಹುಲ್ಲಿನ ಬೀಜ ಎಲ್ಲ ಸೇರಿಕೊಂಡು ಸಂಜೆ ಅರ್ಧ ಗಂಟೆ ಬೀಜ ಕೀಳುವುದೇ ಕೆಲಸ.

ಬಿಸಿಲಿಗೆ ಆಗಬೇಕು, ಮುಳ್ಳಿಗೆ ಆಗಬೇಕು, ನೀರು ಹಾಯಿಸುವಾಗಲೂ ಆಗಬೇಕು. ಅಂಥದ್ದು ಏನಾದರೂ ಇದೆಯಾ? ಚರ್ಮದ್ದು ತಗೊಂಡರೆ ಇನ್ನೂ ಸೆಕೆ ಆಗಲ್ವಾ?

ಹಳೇಗುದ್ದಲಿ

ಎಲ್ಲಕ್ಕೂ ಒಂದೇ ಜೋಡಿ ಆಗಬೇಕು ಅಂತ ಹುಡುಕುತ್ತಿದ್ದೀರಲ್ಲ, ಅಲ್ಲೇ ಎಡವುತ್ತಿರುವುದು. ನಾನೂ ನಾಲ್ಕು ವರ್ಷ ಅದನ್ನೇ ಹುಡುಕಿದೆ. ನೀರು ಒಳಗೆ ಬರಬಾರದು ಅಂದರೆ ಬೆವರೂ ಹೊರಗೆ ಹೋಗಲ್ಲ, ಇಷ್ಟೇ ವಿಷಯ. ಎರಡೂ ಪಾದ ಸೇರಿ ಸುಮಾರು 2.5 ಲಕ್ಷ ಬೆವರು ಗ್ರಂಥಿಗಳಿರುತ್ತವೆ. ಅಷ್ಟನ್ನೂ ರಬ್ಬರಿನ ಕೊಳವೆಯೊಳಗೆ ತುಂಬಿ ಐದು ಗಂಟೆ ಬಿಸಿಲಲ್ಲಿ ನಿಂತರೆ ಸಾಕ್ಸ್ ಹಿಂಡುವ ಹಾಗೆ ಆಗದೆ ಇನ್ನೇನು?

"ನೀರು ಬಿಡಲ್ಲ, ಗಾಳಿ ಬಿಡುತ್ತೆ" ಅಂತ ಒಳಗೆ ಪೊರೆ ಕೊಟ್ಟಿರುವ ದುಬಾರಿ ಶೂಗಳು ಬರುತ್ತವೆ. ಚಳಿ ಇರುವಲ್ಲಿ ಚೆನ್ನಾಗಿ ಕೆಲಸ ಮಾಡುತ್ತವೆ. ಒಳಗೆ ಬಿಸಿ ಹಬೆ, ಹೊರಗೆ ತಣ್ಣಗಿನ ಒಣ ಗಾಳಿ ಇದ್ದರೆ ತಾನೇ ಹಬೆ ಹೊರಗೆ ಹೋಗುವುದು? ಹೊರಗೂ ಸೆಕೆ, ಹೊರಗೂ ತೇವ ಅಂದರೆ ಅದು ಒಳಗೇ ಕೂರುತ್ತದೆ. ಮೇಲಿನಿಂದ ಒಮ್ಮೆ ನೀರು ಹೊಕ್ಕಿತು ಅಂದರೆ ಒಣಗಲು ಎರಡು ದಿನ. ಬಿಸಿಲಿಗೆ ಅದು ದಂಡ, ನನ್ನ ಪ್ರಕಾರ.

ಚರ್ಮಕ್ಕೆ ಹೆದರಬೇಡಿ. ಸೆಕೆ ಆಗುವುದು ಚರ್ಮದಿಂದಲ್ಲ, ಒಳಗಿನ ಸ್ಪಂಜಿನಿಂದ. ಕೈ ಹಾಕಿ ನೋಡಿ, ಮೆತ್ತಗೆ ದಿಂಬಿನ ಥರ ಇದ್ದರೆ ಬಿಟ್ಟುಬಿಡಿ. ಲೈನಿಂಗ್ ಇಲ್ಲದ ಅಥವಾ ತೆಳುವಾಗಿ ಇರುವ, ಕಾಲಿನ ಹರಡು ಮುಚ್ಚುವಷ್ಟು ಎತ್ತರದ ಚರ್ಮದ ಶೂ ತಗೊಳ್ಳಿ. ತಿಳಿ ಕಂದು ಬಣ್ಣದ್ದು ಸಿಕ್ಕರೆ ಒಳ್ಳೆಯದು, ಕಪ್ಪು ಬಿಸಿಲನ್ನು ಜಾಸ್ತಿ ಹೀರುತ್ತದೆ. ಅಟ್ಟೆಯ ಹಲ್ಲು ತೀರಾ ಆಳ ಬೇಡ. ಜಿಗಟು ಮಣ್ಣು ಅದರೊಳಗೆ ಕೂತು ಕಾಲಿಗೆ ಎರಡೆರಡು ಕಿಲೋ ಕಟ್ಟಿಕೊಂಡ ಹಾಗಾಗುತ್ತದೆ. ಹಲ್ಲುಗಳ ನಡುವೆ ಅಗಲವಾಗಿ ಜಾಗ ಇರಲಿ, ಮಣ್ಣು ತಾನೇ ಉದುರುತ್ತದೆ. ಹಿಮ್ಮಡಿ ಸ್ವಲ್ಪ ಎದ್ದಿರಲಿ, ಏಣಿ ಹತ್ತುವಾಗ ಮೆಟ್ಟಿಲಿಗೆ ಕಚ್ಚಿಕೊಳ್ಳಬೇಕಲ್ಲ.

ಗಮ್‌ಬೂಟು ಎಸೆಯಬೇಡಿ. ನೀರು ಹಾಯಿಸಲು, ಕೊಟ್ಟಿಗೆ ತೊಳೆಯಲು, ಔಷಧಿ ಹೊಡೆಯಲು ಅದೇ ಬೇಕು. ಆ ಕೆಲಸ ಮುಗಿದ ತಕ್ಷಣ ಬಿಚ್ಚಿ. ಒಂದು ತಾಸಿನ ಕೆಲಸಕ್ಕೆ ಒಂದು ತಾಸು ಸಾಕು.

ನೆರಳಿನ_ಕೆಲಸ

ಇಷ್ಟೆಲ್ಲ ತಲೆ ಯಾಕೆ ಕೆಡಿಸಿಕೊಳ್ತೀರಿ? ತೂತು ತೂತಿನ ಹಗುರ ಕ್ಲಾಗ್ಸ್ ಬರುತ್ತಲ್ಲ, ಕೋಳಿಗೂಡು, ತರಕಾರಿ ಪಾತಿ ಎಲ್ಲ ಅದರಲ್ಲೇ ನನ್ನದು. ಪೈಪ್ ಹಿಡಿದು ಒಂದು ಸಲ ನೀರು ಬಿಟ್ಟರೆ ತೊಳೆದಾಯ್ತು, ಎರಡು ನಿಮಿಷದಲ್ಲಿ ಒಣಗುತ್ತೆ. ಆದರೆ ಕಾರಿನ ಡಿಕ್ಕಿಯಲ್ಲಿ ಬಿಸಿಲಿಗೆ ಬಿಟ್ಟು ಹೋಗಬೇಡಿ. ನನ್ನದೊಂದು ಜೋಡಿ ಮಧ್ಯಾಹ್ನ ಕಳೆಯುವಷ್ಟರಲ್ಲಿ ಕುಗ್ಗಿ ಮಗಳ ಅಳತೆಗೆ ಬಂದಿತ್ತು. ಅವಳಿಗೆ ಖುಷಿ.

ಹಳೇಗುದ್ದಲಿ

ಕೋಳಿಗೂಡಿನವರೆಗೆ ಸರಿ, ಒಪ್ಪುತ್ತೇನೆ. ಆದರೆ ಅವರ ತೋಟದಲ್ಲಿ ಮುಳ್ಳು ಇದೆ ಅಂದಿದ್ದಾರಲ್ಲ? ಆ ಮೆತ್ತನೆ ಫೋಮ್ ಮುಳ್ಳಿಗೆ ಬೆಣ್ಣೆ ಇದ್ದ ಹಾಗೆ. ಕಳೆ ಕೊಚ್ಚುವ ಮಷೀನ್ ಹಿಡಿಯುವಾಗಂತೂ ದಯವಿಟ್ಟು ಬೇಡ, ಕಲ್ಲು ಸಿಡಿದು ಬಂದರೆ ತೂತಿನ ಚಪ್ಪಲಿ ಏನು ಮಾಡುತ್ತೆ ಹೇಳಿ. ಹಾವಿನ ಕಡಿತ ಬಹುಪಾಲು ಆಗುವುದೂ ಪಾದ ಮತ್ತು ಹರಡಿನ ಸುತ್ತಲೇ.

ಮೂರುಬೆರಳು_ಜಾಗ

ಮಾದರಿ ಬಗ್ಗೆ ಎಲ್ಲರೂ ಹೇಳುತ್ತಾರೆ, ಅಳತೆ ಬಗ್ಗೆ ಯಾರೂ ಹೇಳಲ್ಲ. ನಾನು ಎರಡು ಹೆಬ್ಬೆರಳಿನ ಉಗುರು ಕಪ್ಪಾದ ಮೇಲೆ ಕಲಿತದ್ದು ಇದು.

ಶೂ ಕೊಳ್ಳಲು ಸಂಜೆ ಹೋಗಿ. ಬಿಸಿಲಲ್ಲಿ ದಿನವಿಡೀ ನಿಂತ ಕಾಲು ಊದಿಕೊಂಡಿರುತ್ತದೆ. ಬೆಳಿಗ್ಗೆ ಸರಿಯಾಗಿ ಕೂತ ಶೂ ಸಂಜೆ ಬಿಗಿ ಆಗುತ್ತದೆ. ಕೆಲಸಕ್ಕೆ ಹಾಕುವ ಸಾಕ್ಸನ್ನೇ ಹಾಕಿಕೊಂಡು ಹೋಗಿ. ಎರಡೂ ಕಾಲಿಗೆ ಹಾಕಿ ನೋಡಿ, ಹೆಚ್ಚಿನವರಿಗೆ ಒಂದು ಕಾಲು ಸ್ವಲ್ಪ ದೊಡ್ಡದೇ, ಆ ಕಾಲಿನ ಅಳತೆಗೆ ತಗೊಳ್ಳಿ. ಎದ್ದು ನಿಂತಾಗ ಉದ್ದನೆಯ ಬೆರಳಿನ ಮುಂದೆ ಒಂದು ಹೆಬ್ಬೆರಳಿನ ಅಗಲ ಜಾಗ ಉಳಿಯಬೇಕು, ಆದರೆ ನಡೆಯುವಾಗ ಹಿಮ್ಮಡಿ ಮೇಲೆ ಕೆಳಗೆ ಆಡಬಾರದು. ಅಂಗಡಿಯಲ್ಲೇ ಕುಕ್ಕರಗಾಲಲ್ಲಿ ಕೂತು ನೋಡಿ. ನಾಚಿಕೆ ಬೇಡ. ತೋಟದಲ್ಲಿ ನಾವು ಅರ್ಧ ದಿನ ಕೂರುವುದೇ ಹಾಗೆ, ಬೆರಳು ಮಡಚುವ ಜಾಗದಲ್ಲಿ ಶೂ ಕಚ್ಚುತ್ತದೋ ಇಲ್ಲವೋ ಅಲ್ಲೇ ಗೊತ್ತಾಗುತ್ತದೆ.

ಹೆಂಗಸರಿಗೆ ಇನ್ನೊಂದು ಮಾತು. ಕೆಲಸದ ಶೂ ಹೆಚ್ಚಿನವು ಗಂಡಸರ ಅಚ್ಚಿನಲ್ಲೇ ಬರುತ್ತವೆ. ಸಣ್ಣ ನಂಬರ್ ಸಿಕ್ಕಿತು ಅಂತ ತಂದರೆ ಹಿಮ್ಮಡಿ ಲೊಡಲೊಡ ಅನ್ನುತ್ತದೆ. ಶೂವಿನ ಎಲ್ಲಕ್ಕಿಂತ ಮೇಲೆ ಒಂದು ಹೆಚ್ಚುವರಿ ತೂತು ಇರುತ್ತಲ್ಲ, ಯಾರೂ ಬಳಸದೆ ಬಿಡುವುದು? ಲೇಸನ್ನು ಅದೇ ಕಡೆಯ ಆ ತೂತಿಗೆ ಹಾಕಿ ಸಣ್ಣ ಕುಣಿಕೆ ಮಾಡಿ, ಎದುರು ಬದಿಯ ಲೇಸನ್ನು ಆ ಕುಣಿಕೆಯೊಳಗೆ ತೂರಿಸಿ ಬಿಗಿಯಿರಿ. ಹಿಮ್ಮಡಿ ಅಲ್ಲಾಡಲ್ಲ. ಬೊಬ್ಬೆ ಏಳುವುದು ಅರ್ಧಕ್ಕರ್ಧ ನಿಂತುಹೋಯಿತು ನನಗೆ.

ಹೊಸಹೊಲ

ಅಬ್ಬಾ, ಇಷ್ಟು ಉತ್ತರ ಬರುತ್ತೆ ಅಂದುಕೊಂಡಿರಲಿಲ್ಲ. ಎರಡು ಅನುಮಾನ. ಕೆಲಸದ ಶೂ ಪೆಟ್ಟಿಗೆ ಮೇಲೆ ಎಸ್1ಪಿ, ಎಸ್3 ಅಂತೆಲ್ಲ ಬರೆದಿರುತ್ತೆ, ಅದೇನು? ಆಮೇಲೆ, ಔಷಧಿ ಹೊಡೆಯಲು ಚರ್ಮದ ಶೂ ಯಾಕೆ ಬೇಡ? ಮುಚ್ಚಿದ ಶೂ ತಾನೇ?

ಕಬ್ಬಿಣದಮೂತಿ

ಎಸ್ ಲೆಕ್ಕ ನಾನು ಹೇಳುತ್ತೇನೆ, ಕಾರ್ಖಾನೆಯಲ್ಲಿ ಹಾಕಿ ಅಭ್ಯಾಸ. ಅದು ಐಎಸ್ಒ 20345 ಅನ್ನುವ ಮಾನದಂಡದ್ದು. ಎಸ್ ಇದ್ದ ಎಲ್ಲ ಶೂಗೂ ಬೆರಳಿನ ಮೇಲೆ ಗಟ್ಟಿ ಟೋಪಿ ಇರುತ್ತದೆ, 200 ಜೂಲ್ ಹೊಡೆತ ತಡೆಯಬೇಕು ಅಂತ ಲೆಕ್ಕ. ಅಂದರೆ 20 ಕಿಲೋ ತೂಕ ಸುಮಾರು ಒಂದು ಮೀಟರ್ ಮೇಲಿಂದ ಬಿದ್ದ ಹಾಗೆ. ಎಸ್3ಗೆ ಮೇಲ್ಭಾಗ ನೀರನ್ನು ತಡೆಯಬೇಕು, ಹಾಗಾಗಿ ಸೆಕೆ ಜಾಸ್ತಿ. ಎಸ್1ಕ್ಕೆ ಆ ಕಟ್ಟಳೆ ಇಲ್ಲ, ಗಾಳಿ ಆಡುವ ಹಾಗೆ ಮಾಡಿರುತ್ತಾರೆ. ಎಸ್1ಪಿ ಅಂದರೆ ಅದರ ಜೊತೆಗೆ ಅಟ್ಟೆಯಲ್ಲಿ ಮೊಳೆ ತಡೆಯುವ ಪದರ. ನಿಮಗೆ ಬೇಕಾದ್ದು ಆ ಪದರ.

ಈಗ 2022ರ ಆವೃತ್ತಿಯಲ್ಲಿ ಆ ಪದರವನ್ನೂ ಬೇರೆ ಬೇರೆ ಮಾಡಿದ್ದಾರೆ. ಬರೀ ಪಿ ಇದ್ದರೆ ಲೋಹದ ತಗಡು. ಪಿಎಲ್, ಪಿಎಸ್ ಇದ್ದರೆ ಬಟ್ಟೆಯಂಥ ಪದರ. ಪಿಎಲ್ ಅನ್ನು 4.5 ಮಿ.ಮೀ. ಮೊಳೆಯಿಂದ ಪರೀಕ್ಷೆ ಮಾಡುತ್ತಾರೆ, ಪಿಎಸ್ ಅನ್ನು 3 ಮಿ.ಮೀ. ಮೊಳೆಯಿಂದ. ಮುಳ್ಳು ಅದಕ್ಕಿಂತಲೂ ಸಣ್ಣ, ನೇಯ್ಗೆಯ ಎಳೆ ಸರಿಸಿಕೊಂಡು ನುಗ್ಗಬಹುದು. ಮುಳ್ಳಿಗಾದರೆ ನಾನು ತಗಡಿನದ್ದನ್ನೇ ಆರಿಸುತ್ತೇನೆ. ಸ್ವಲ್ಪ ಬಿರುಸು, ಸ್ವಲ್ಪ ಭಾರ, ಇರಲಿ.

ಇನ್ನೊಂದು ಎಚ್ಚರಿಕೆ. ಸಸ್ತಾ ಸಿಕ್ಕಿತು ಅಂತ ವರ್ಷಗಟ್ಟಲೆ ಗೋದಾಮಿನಲ್ಲಿ ಕೂತ ಹಳೇ ಸ್ಟಾಕ್ ತರಬೇಡಿ. ಪಿಯು (ಪಾಲಿಯುರೆಥೇನ್ ಅನ್ನುವ ಒಂಥರಾ ಪ್ಲಾಸ್ಟಿಕ್) ಅಟ್ಟೆ ಬಳಸದೆ ಇಟ್ಟರೂ ಗಾಳಿಯ ತೇವಕ್ಕೇ ಒಳಗಿಂದ ಸಡಿಲಾಗುತ್ತದೆ. ನನ್ನದೊಂದು ಜೋಡಿ ಪೆಟ್ಟಿಗೆಯಲ್ಲಿ ಹೊಸದರ ಹಾಗೆ ಫಳಫಳ ಹೊಳೆಯುತ್ತಿತ್ತು. ಹಾಕಿಕೊಂಡು ಗೇಟಿನವರೆಗೆ ಹೋದೆ. ಹಿಂದೆ ತಿರುಗಿ ನೋಡಿದರೆ ದಾರಿಯುದ್ದಕ್ಕೂ ಅಟ್ಟೆಯ ಚೂರು, ಒಣಗಿದ ಹೆಂಟೆ ಪುಡಿಯಾದ ಹಾಗೆ. ಒಳಗೆ ಎಲ್ಲೋ ತಯಾರಾದ ತಿಂಗಳು, ವರ್ಷ ಅಚ್ಚು ಹಾಕಿರುತ್ತಾರೆ, ಹುಡುಕಿ ನೋಡಿ.

ಬೇವಿನಎಣ್ಣೆ

ಔಷಧಿ ಪ್ರಶ್ನೆಗೆ ನಾನು. ಚರ್ಮ ಕೀಟನಾಶಕವನ್ನು ಹೀರಿಕೊಳ್ಳುತ್ತದೆ. ಒಮ್ಮೆ ಹೀರಿದ ಮೇಲೆ ಎಷ್ಟು ತೊಳೆದರೂ ಪೂರ್ತಿ ಹೋಗಲ್ಲ. ಮಾರನೇ ದಿನ ಬೆವರಿದ ಕಾಲಿಗೆ ಅದೇ ವಿಷ ಮೆತ್ತಿಕೊಳ್ಳುತ್ತಾ ಇರುತ್ತದೆ, ನಿಮಗೆ ಗೊತ್ತೂ ಆಗಲ್ಲ. ಅದಕ್ಕೇ ಬಟ್ಟೆ ಲೈನಿಂಗ್ ಇಲ್ಲದ ರಬ್ಬರ್ ಬೂಟು. ಪ್ಯಾಂಟು ಬೂಟಿನ ಹೊರಗೆ ಬಿಡಿ. ಒಳಗೆ ತುರುಕಿದರೆ ಬಟ್ಟೆ ಮೇಲೆ ಬಿದ್ದದ್ದೆಲ್ಲ ಇಳಿದು ಬೂಟಿನೊಳಗೇ ಹೋಗುತ್ತದೆ. ಮುಗಿದ ಮೇಲೆ ಬಿಚ್ಚುವ ಮೊದಲು ಬೂಟು ತೊಳೆಯಿರಿ. ಸೆಕೆಗೆ ಒಂದೇ ಉಪಾಯ, ಬೆಳಗಾಗುತ್ತಲೇ ಹೊಡೆದು ಮುಗಿಸುವುದು.

ನಿಮ್ಮ ಬೆಳ್ಳಗಾದ ಬೆರಳಿನ ಬಗ್ಗೆಯೂ ಹೇಳಬೇಕು. ಕಿರುಬೆರಳು ಮತ್ತು ಪಕ್ಕದ ಬೆರಳಿನ ಸಂದಿ ಅಗಲಿಸಿ ನೋಡಿ. ಅಲ್ಲಿ ಚರ್ಮ ಒದ್ದೆ ಕಾಗದದ ಹಾಗೆ ಸುಲಿಯುತ್ತಿದ್ದರೆ, ತುರಿಕೆ ಇದ್ದರೆ ಶಿಲೀಂಧ್ರ ಸೋಂಕು ಶುರುವಾಗಿರಬಹುದು, ತೋರಿಸಿ ಔಷಧಿ ಹಚ್ಚಿ. ಬೆಳಿಗ್ಗೆ ಒಂದು ಜೊತೆ ಸಾಕ್ಸ್, ಮಧ್ಯಾಹ್ನಕ್ಕೆ ಒಣಗಿದ ಇನ್ನೊಂದು ಜೊತೆ. ಶೂಗಿಂತ ಇದು ಮುಖ್ಯ ಅಂತ ನಾನು ಹೇಳುವುದು. ಅಪ್ಪಟ ಹತ್ತಿ ಸಾಕ್ಸ್ ತಂಪು ಅನ್ನುತ್ತಾರೆ, ಆದರೆ ಬೆವರು ಹೀರಿ ಹಾಗೇ ಒದ್ದೆಯಾಗಿ ಕೂರುತ್ತದೆ, ಒದ್ದೆ ಚರ್ಮ ಉಜ್ಜಿದರೆ ಬೊಬ್ಬೆ. ತೆಳು ಮೆರಿನೊ ಉಣ್ಣೆ ಅಥವಾ ಪಾಲಿಯೆಸ್ಟರ್ ಬೆರೆತದ್ದು ಹಾಕಿ ನೋಡಿ. ಬಿಸಿಲಲ್ಲಿ ಉಣ್ಣೆಯಾ ಅಂತ ನಗಬೇಡಿ, ತನ್ನ ತೂಕದ ಸುಮಾರು ಮೂರರಲ್ಲಿ ಒಂದು ಪಾಲು ತೇವ ಹೀರಿದರೂ ಕಾಲಿಗೆ ಒದ್ದೆ ಅನ್ನಿಸಲ್ಲ.

ಮನೆಯಲ್ಲಿ ಸಕ್ಕರೆ ಕಾಯಿಲೆ ಇರುವವರು ತೋಟಕ್ಕೆ ಬರುತ್ತಿದ್ದರೆ ಅವರಿಗೆ ಚಪ್ಪಲಿ, ಬರಿಗಾಲು ಎರಡೂ ಬೇಡ. ನಮ್ಮ ಮಾವನವರಿಗೆ ಶೂ ಒಳಗೆ ಸಣ್ಣ ಕಲ್ಲು ಇಡೀ ದಿನ ಇದ್ದರೂ ಗೊತ್ತಾಗಿರಲಿಲ್ಲ. ಸಂಜೆ ಸಾಕ್ಸಿನಲ್ಲಿ ರಕ್ತ ನೋಡಿದ್ದು ಅತ್ತೆ. ಈಗ ದಿನಾ ಅಂಗಾಲು ನೋಡದೆ ಅವರನ್ನು ಮಲಗಲು ಬಿಡಲ್ಲ. ಆಮೇಲೆ, ಆ ಮುಳ್ಳು ಚುಚ್ಚಿದ್ದಕ್ಕೆ ಟಿಟಿ ಹಾಕಿಸಿದಿರಾ? ಹಿಂದಿನ ಡೋಸ್ ಯಾವಾಗ ಅಂತ ನೆನಪಿಲ್ಲದಿದ್ದರೆ ಕೇಳಿಕೊಂಡು ಬನ್ನಿ. ಧನುರ್ವಾಯುವಿನ ರೋಗಾಣು ಇರುವುದೇ ಮಣ್ಣಿನಲ್ಲಿ, ಗೊಬ್ಬರದಲ್ಲಿ.

ಹಳೇಗುದ್ದಲಿ

ಟಿಟಿ ಮಾತು ನೂರಕ್ಕೆ ನೂರು. ಒಂದು ಸೇರಿಸುತ್ತೇನೆ. ಒದ್ದೆಯಾದ ಚರ್ಮದ ಶೂ ಬಿಸಿಲಿಗೆ, ಒಲೆ ಹತ್ತಿರ ಇಡಬೇಡಿ, ಬಿರುಕು ಬಿಡುತ್ತದೆ. ಒಳಗೆ ಪೇಪರ್ ತುರುಕಿ ನೆರಳಲ್ಲಿ ಇಡಿ. ಬೆಳಿಗ್ಗೆ ಹಾಕುವ ಮೊದಲು ತಲೆಕೆಳಗೆ ಮಾಡಿ ಎರಡು ಸಲ ಕುಟ್ಟಿ. ಚೇಳಿಗೂ ನೆರಳು ಇಷ್ಟ.

ಹೊಸಹೊಲ

ಮೂರು ವಾರ ಆಯ್ತು, ಹೇಳಿ ಹೋಗೋಣ ಅಂತ ಬಂದೆ. ಟಿಟಿ ಹಾಕಿಸಿದೆ. ಲೈನಿಂಗ್ ತೆಳುವಿರುವ ಚರ್ಮದ ಎಸ್1ಪಿ ತಗೊಂಡೆ, ತಗಡಿನದ್ದೇ. ಮೊದಲ ವಾರ ಎಡಗಾಲಿನ ಕಿರುಬೆರಳಿಗೆ ಬೊಬ್ಬೆ ಬಂತು, ದಿನಾ ಎರಡು ಗಂಟೆ ಮಾತ್ರ ಹಾಕಿ ಪಳಗಿಸಿದೆ. ಈಗ 11 ಗಂಟೆಗೆ ಬಿಚ್ಚಿದರೆ ಸಾಕ್ಸ್ ತೇವ ಇರುತ್ತೆ, ಹಿಂಡುವ ಹಾಗಿಲ್ಲ. ಬೆರಳಿನ ಸಂದಿ ಒಣಗಿದೆ. ಕೋಳಿಗೂಡಿಗೆ ಕ್ಲಾಗ್ಸ್, ನೀರಿಗೆ ಗಮ್‌ಬೂಟು. ಬಾಗಿಲ ಹತ್ತಿರ ನನ್ನೊಬ್ಬನದೇ ಮೂರು ಜೋಡಿ ನೋಡಿ ಮನೆಯವಳು ಏನೋ ಹೇಳಿದಳು, ಇಲ್ಲಿ ಬರೆಯಲ್ಲ.

ಒಂದೇ ತೊಂದರೆ. ನೆರಳಲ್ಲಿ ಒಣಗಲಿ ಅಂತ ಇಟ್ಟಿದ್ದಾಗ ಬಲಗಾಲಿನ ಲೇಸನ್ನು ಆಡು ತಿಂದಿದೆ. ಸದ್ಯಕ್ಕೆ ಸುತಳಿ ಕಟ್ಟಿಕೊಂಡಿದ್ದೇನೆ. ಲೇಸು ಎಷ್ಟು ಉದ್ದದ್ದು ತರಬೇಕು?

ಮೂರುಬೆರಳು_ಜಾಗ

ಎಡಗಾಲಿನದು ಇದೆಯಲ್ಲ, ಬಿಚ್ಚಿ ಅಳೆಯಿರಿ. ಅದನ್ನೂ ಆಡು ತಿನ್ನುವ ಮೊದಲು.