ಬೆಳಗ್ಗೆ ಹೆಚ್ಚಿದ ಹಣ್ಣು ಮಧ್ಯಾಹ್ನದಷ್ಟೊತ್ತಿಗೆ ನೀರು ಬಿಡ್ತಿದೆ, ಏನ್ ಮಾಡೋದು?

ಹಣ್ಣಿನಡಬ್ಬಿ_ಮೈಸೂರು: ನಮಸ್ಕಾರ ಎಲ್ರಿಗೂ, ಮನೆಯಿಂದ್ಲೇ ಆಫೀಸ್‌ಗಳಿಗೆ ಫ್ರೂಟ್ ಬೌಲ್ ಕೊಡ್ತಿದೀನಿ. ಪರಂಗಿ, ಕರ್ಬೂಜ, ಸೇಬು, ಅನಾನಸ್, ಮೇಲೊಂದಿಷ್ಟು ದಾಳಿಂಬೆ. ಬೆಳಗ್ಗೆ 6ಕ್ಕೆ ಹೆಚ್ಚಿ ಚಾಟ್ ಮಸಾಲ ಉದುರಿಸಿ ಮುಚ್ಚಿದ್ರೆ ಊಟದ ಹೊತ್ತಿಗೆ ಪರಂಗಿ ಲೊಳಲೊಳ ಅನ್ನುತ್ತೆ, ತಳದಲ್ಲಿ ನೀರು ನಿಂತಿರುತ್ತೆ. ಎಲ್ಲದಕ್ಕೂ ನಿಂಬೆರಸ ಹಾಕ್ತೀನಿ, ಆದ್ರೂ ಹಿಂಗೆ. ರಾತ್ರಿನೇ ಹೆಚ್ಚಿ ಫ್ರಿಜ್ಜಲ್ಲಿಟ್ರೆ ನಡೆಯುತ್ತಾ?

ಫುಡ್‌ಟೆಕ್_ಹುಡುಗಿ: ನಿಂಬೆರಸದಿಂದ ಸೇಬಿನ ಬಣ್ಣ ಉಳಿಯುತ್ತೆ ಅಷ್ಟೇ. ಹೆಚ್ಚಿದಾಗ ಜೀವಕೋಶ ಒಡೆದು ಪಾಲಿಫಿನಾಲ್ ಆಕ್ಸಿಡೇಸ್ ಅನ್ನೋ ಕಿಣ್ವ ಹೊರಗೆ ಬರುತ್ತೆ, ಗಾಳಿ ಸೇರಿ ಕಂದಾಗುತ್ತೆ, ಹುಳಿ ಅದನ್ನ ತಡೆಯುತ್ತೆ. ಪರಂಗಿ ಮೆತ್ತಗಾಗೋದೇ ಬೇರೆ ವಿಷಯ. ಹೆಚ್ಚಿದ ಮೇಲೂ ಹಣ್ಣು ಉಸಿರಾಡ್ತಾನೇ ಇರುತ್ತೆ, ಗಾಯ ಆಗಿರೋದ್ರಿಂದ ಇಡೀ ಹಣ್ಣಿಗಿಂತ ಜೋರಾಗಿ, ಸೆಕೆ ಇದ್ರಂತೂ ಕೇಳೋದೇ ಬೇಡ. ಹಾಗಾಗಿ ನಿಮಗೆ ಮೊದಲು ಬೇಕಾಗಿರೋದು ತಂಪು. ಹಿಂದಿನ ರಾತ್ರಿ ಇಡೀ ಹಣ್ಣನ್ನೇ ತೊಳೆದು, ಒರೆಸಿ ಫ್ರಿಜ್ಜಲ್ಲಿಡಿ, ತಣ್ಣಗಿರೋವಾಗ್ಲೇ ಹೆಚ್ಚಿ, ಡೆಲಿವರಿ ಆಗೋವರೆಗೂ 5 ಡಿಗ್ರಿ ಒಳಗಿರ್ಲಿ, ಐಸ್ ಪ್ಯಾಕ್ ಹಾಕಿದ ಬಾಕ್ಸ್ ಇಲ್ದೆ ಸ್ಕೂಟರಲ್ಲಿ ಕಳಿಸ್ಬೇಡಿ. ಚಾಕುನೂ ನೋಡ್ಕೊಳ್ಳಿ, ಮೊಂಡಾಗಿದ್ರೆ ಹಣ್ಣು ಜಜ್ಜಿಹೋಗುತ್ತೆ, ರಸ ಸೋರೋಕೆ ಅಲ್ಲೇ ಶುರು.

ಮಂಡಿ_ಅಣ್ಣ: ಮೇಡಂ ಚಾಟ್ ಮಸಾಲದಲ್ಲಿ ಉಪ್ಪಿರುತ್ತಲ್ಲ, ಅದೇ ನೀರೆಳೆಯೋದು, ಸಣ್ಣ ಪೊಟ್ಟಣ ಕಟ್ಟಿ ಬೇರೆ ಕೊಡಿ. ಆಮೇಲೆ ಪರಂಗಿ ಪೂರ್ತಿ ಹಳದಿ ತಿರುಗಿದ್ದು ತಗೋಬೇಡಿ, ಅದು ಜ್ಯೂಸಿಗೆ. ಮುಕ್ಕಾಲು ಬಣ್ಣ ಬಂದಿರ್ಬೇಕು, ಒತ್ತಿದ್ರೆ ಗಟ್ಟಿ ಅನ್ನಿಸ್ಬೇಕು. ಪೆಟ್ಟು ಬಿದ್ದ ಹಣ್ಣು ಅಗ್ಗ ಅಂತ ತಂದ್ರೆ ಫ್ರಿಜ್ಜು ಏನೂ ಮಾಡಲ್ಲ.

ಬಾಗಲಕೋಟಿ_ರೈತ: ದಾಳಿಂಬಿ ಕಾಳಿನ ಚಿಂತಿ ಬಿಡ್ರಿ, ಎಲ್ಲಕ್ಕಿಂತ ಅದ ಹೆಚ್ಚು ತಡಿತೈತಿ. ಒಡದ ಕಾಳು, ಬಿಳಿ ಪರೆ ತಗದು ಒಣಗಿದ ಡಬ್ಬಿಯೊಳಗ ಹಾಕ್ರಿ, ಹಸಿ ಇರಬಾರ್ದು.

ಫುಡ್‌ಟೆಕ್_ಹುಡುಗಿ: ರಾತ್ರಿ ಹೆಚ್ಚೋ ವಿಷಯ ಬಿಟ್ಟೋಯ್ತು. ಅನಾನಸ್‌ನಲ್ಲಿ ಹುಳಿ ಇದೆ, ಅದನ್ನೂ ದಾಳಿಂಬೆನೂ ರಾತ್ರಿನೇ ಬಿಡಿಸಿಟ್ಕೊಳ್ಳಿ. ಪರಂಗಿ, ಕರ್ಬೂಜ ದಯವಿಟ್ಟು ಬೇಡ, ಅವುಗಳಲ್ಲಿ ಹುಳಿ ಕಮ್ಮಿ, ಬ್ಯಾಕ್ಟೀರಿಯಾ ಚೆನ್ನಾಗಿ ಬೆಳೆಯುತ್ತೆ. ನೋಡೋಕೆ, ವಾಸನೆಗೆ ಎಲ್ಲ ಸರಿ ಇದ್ರೂ ಒಳಗೆ ಕೆಟ್ಟಿರ್ಬಹುದು. 2011ರಲ್ಲಿ ಅಮೆರಿಕದಲ್ಲಿ ಕರ್ಬೂಜದಿಂದ ಲಿಸ್ಟೀರಿಯಾ ಹರಡಿ 30ಕ್ಕೂ ಹೆಚ್ಚು ಜನ ಸತ್ರು, ಆ ಬ್ಯಾಕ್ಟೀರಿಯಾ ಫ್ರಿಜ್ಜಿನ ತಂಪಲ್ಲೂ ಬೆಳೆಯುತ್ತೆ. ಕರ್ಬೂಜದ ಸಿಪ್ಪೆ ಒರಟು, ಸಂದಿಯಲ್ಲಿ ಮಣ್ಣು ಕೂತಿರುತ್ತೆ, ತೊಳೆಯದೆ ಕುಯ್ದ್ರೆ ಚಾಕು ಅದನ್ನ ತಿರುಳಿಗೇ ಎಳ್ಕೊಂಡು ಹೋಗುತ್ತೆ. ಹರಿಯೋ ನೀರಲ್ಲಿ ಬ್ರಷ್ ಹಾಕಿ ಉಜ್ಜಿ, ಸಿಪ್ಪೆ ತೆಗೆದ ಮಣೆ ಮೇಲೆ ಹೋಳು ಮಾಡ್ಬೇಡಿ.

ಹಣ್ಣಿನಡಬ್ಬಿ_ಮೈಸೂರು: ತುಂಬಾ ಥ್ಯಾಂಕ್ಸ್. ಮಸಾಲ ನಾಳೆಯಿಂದ್ಲೇ ಬೇರೆ ಪೊಟ್ಟಣ. ಹೆಚ್ಚಿದ ಟೈಮೂ ಡಬ್ಬಿ ಮೇಲೆ ಬರೀತೀನಿ, ತಿನ್ನೋರಿಗೂ ಗೊತ್ತಾಗ್ಲಿ.