ಕರ್ನಲ್ ಸಾರ್, ಯುದ್ಧ ಆಗ್ತದಾ?

ಅಡ್ಮಿನ್ (15 ಫೆಬ್ರವರಿ 2022, ಪಿನ್ ಮಾಡಿದ್ದು): ಉಕ್ರೇನ್ ಗಡಿಯಲ್ಲಿ ರಷ್ಯಾ ಸೇನೆ ಸೇರಿದ ಬಗ್ಗೆ ಎಲ್ಲರೂ ಕೇಳುತ್ತಿದ್ದೀರಿ. ನಮ್ಮ ಗ್ರೂಪಿನಲ್ಲೇ ಇರುವ ಕರ್ನಲ್ ಸಾರ್ ಉತ್ತರ ಕೊಡಲು ಒಪ್ಪಿದ್ದಾರೆ. ಆರ್ಮಿ ಸರ್ವಿಸ್ ಕೋರ್‌ನಲ್ಲಿದ್ದು ನಿವೃತ್ತರಾದವರು, ಅಂದ್ರೆ ಸೇನೆಗೆ ಪಡಿತರ, ಡೀಸೆಲ್, ಲಾರಿ ನೋಡಿಕೊಳ್ಳುವ ವಿಭಾಗ. ಈಗ ಉಡುಪಿಯಲ್ಲಿ ಇದ್ದಾರೆ. ಹೆಸರಿನ ಬದಲು ಊರು ಹಾಕಿ ಕೇಳಿ. ರಾಜಕೀಯ ಬೇಡ. ಫಾರ್ವರ್ಡ್ ಬೇಡವೇ ಬೇಡ.

16 ಫೆಬ್ರವರಿ

ಕಾರ್ಕಳ ಮಾಸ್ಟ್ರು: ಕರ್ನಲ್ ಸಾರ್, ರಷ್ಯಾ ನಿಜವಾಗಿ ನುಗ್ಗುತ್ತದಾ? ಟಿವಿಯವರು ಇವತ್ತಿಗೇ ಮುಹೂರ್ತ ಇಟ್ಟಿದ್ದರು.

ಕರ್ನಲ್: ಇಲ್ಲ ಅಂತ ನನ್ನ ಅಂದಾಜು. ಲೆಕ್ಕ ಹೇಳ್ತೇನೆ. ಗಡಿಯಲ್ಲಿ ಇರುವುದು ಹೆಚ್ಚುಕಡಿಮೆ ಒಂದೂವರೆ ಲಕ್ಷ ಸೈನಿಕರು. ಆ ದೇಶದ ಜನ ನಾಲ್ಕು ಕೋಟಿಗಿಂತ ಜಾಸ್ತಿ. ಗೆದ್ದ ಊರನ್ನು ಹಿಡಿದಿಟ್ಟುಕೊಳ್ಳಲು ಸಾವಿರ ಜನರಿಗೆ 20 ಸೈನಿಕರು ಬೇಕು ಅಂತ ಒಂದು ಹಳೆಯ ಲೆಕ್ಕ ಉಂಟು. ನಮ್ಮ ಉಡುಪಿ ಜಿಲ್ಲೆಯನ್ನೇ ತೆಗೆದುಕೊಳ್ಳಿ. 2011ರ ಜನಗಣತಿಯಲ್ಲಿ 11.77 ಲಕ್ಷ. ಈ ಒಂದು ಜಿಲ್ಲೆಗೇ 23 ಸಾವಿರ ಸೈನಿಕರು ಬೇಕಾಯ್ತು. ಉಕ್ರೇನಿಗೆ ಎಂಟು ಲಕ್ಷ. ಇದು ಗೊತ್ತಿದ್ದೂ ಯಾರು ನುಗ್ಗುತ್ತಾರೆ? ಹೆದರಿಸಿ ಮಾತುಕತೆಗೆ ಕೂರಿಸಲು ಬಂದದ್ದು.

ಬೈಂದೂರು ಜೋಯಿಸರು: ಏಪ್ರಿಲ್‌ನಲ್ಲಿ ಗುರು ಮೀನಕ್ಕೆ ಬರುತ್ತಾನೆ. ಅಲ್ಲಿಯವರೆಗೆ ಭಯ ಉಂಟು. ಆಮೇಲೆ ಶಾಂತಿ.

ಕರ್ನಲ್: ಗುರು ಡೀಸೆಲ್ ತರ್ತಾನಾ ಜೋಯಿಸರೇ?

ಬ್ರಹ್ಮಾವರ ಟೀಚರ್: ಸಾರ್, ನನ್ನ ಮಗ ಖಾರ್ಕಿವ್‌ನಲ್ಲಿ ಮೆಡಿಕಲ್ ಮೂರನೇ ವರ್ಷ. ಅಲ್ಲೇ ಇರಬೇಕೆಂದಿಲ್ಲದವರು ಸದ್ಯಕ್ಕೆ ಹೊರಡಿ ಅಂತ ನಿನ್ನೆ ನಮ್ಮ ರಾಯಭಾರ ಕಚೇರಿ ಹೇಳಿದೆ. ಕಾಲೇಜಿನವರು ಆನ್‌ಲೈನ್ ಕ್ಲಾಸ್ ಇಲ್ಲ, ಹಾಜರಿ ಹೋಗ್ತದೆ ಅಂತಾರೆ. ಟಿಕೆಟ್ 65 ಸಾವಿರ. ಕರೆಸುವುದಾ ಬೇಡವಾ?

ಕರ್ನಲ್: ಒಂದು ವಾರ ನೋಡಿ ಟೀಚರೇ. ದರ ಇಳಿಯಬಹುದು.

ಕಾಪು: ಸಾರ್, ಯುದ್ಧ ಆದ್ರೆ ಪೆಟ್ರೋಲ್? ನಮ್ಮ ಪಾದೂರಿನ ನೆಲದಡಿಯಲ್ಲಿ ಎಣ್ಣೆ ತುಂಬಿಸಿಟ್ಟಿದ್ದಾರಲ್ಲ, ಹೆದರಿಕೆ ಇಲ್ಲ ಅಲ್ವಾ?

ಕರ್ನಲ್: ಪಾದೂರು 25 ಲಕ್ಷ ಟನ್, ಮಂಗಳೂರು 15, ವಿಶಾಖಪಟ್ಟಣ 13.3. ಮೂರೂ ಭರ್ತಿ ಇದ್ದರೆ ದೇಶಕ್ಕೆ ಒಂಬತ್ತೂವರೆ ದಿನ.

24 ಫೆಬ್ರವರಿ

ಬಜ್ಪೆ (ಕುವೈತ್ ರಿಟರ್ನ್): ನುಗ್ಗಿ ಆಯ್ತು. ಬೆಳಿಗ್ಗೆಯಿಂದ ಬಾಂಬ್.

ಬ್ರಹ್ಮಾವರ ಟೀಚರ್: ಸಾರ್. ನೀವು ಒಂದು ವಾರ ನೋಡಿ ಅಂದಿರಿ. ಇವತ್ತಿಗೆ ಎಂಟು ದಿನ. ವಿಮಾನ ಬಂದ್. ಅವರನ್ನು ಕರೆತರಲು ಹೊರಟ ಏರ್ ಇಂಡಿಯಾ ಅರ್ಧ ದಾರಿಯಿಂದ ವಾಪಸ್ ಬಂತಂತೆ. ಮಗ ಹಾಸ್ಟೆಲ್‌ನ ನೆಲಮಾಳಿಗೆಯಲ್ಲಿ ಇದ್ದಾನೆ. ಈಗ ಎಂತ ಮಾಡುವುದು ಹೇಳಿ.

ಕರ್ನಲ್: ಟೀಚರೇ, ತಪ್ಪು ನನ್ನದು. ಅಷ್ಟು ಸೈನ್ಯ ಸಾಲುವುದಿಲ್ಲ ಅನ್ನುವುದು ಲೆಕ್ಕ, ಅದು ಈಗಲೂ ಸರಿ. ಸಾಲುವುದಿಲ್ಲ ಅಂದ ಮೇಲೆ ನುಗ್ಗುವುದಿಲ್ಲ ಅಂತ ಸೇರಿಸಿದ್ದು ನಾನು. ಎದುರಿನವನೂ ನನ್ನ ಹಾಗೆಯೇ ಲೆಕ್ಕ ಹಾಕುತ್ತಾನೆ ಅಂದುಕೊಂಡೆ. ನಾಲ್ಕು ದಿನದಲ್ಲಿ ಎಲ್ಲ ಮುಗಿಯುತ್ತದೆ ಅಂತ ಅವನಿಗೆ ಯಾರೋ ಹೇಳಿರಬೇಕು, ಅವನು ನಂಬಿದ್ದಾನೆ. ಅದು ನನಗೆ ಹೊಳೆಯಬೇಕಿತ್ತು, ಯಾಕಂದ್ರೆ ನಾನೇ ಅದನ್ನು ನೋಡಿದ್ದೇನೆ. 1987ರ ಅಕ್ಟೋಬರ್, ಶ್ರೀಲಂಕಾದ ಜಾಫ್ನಾ, ನಮ್ಮ ಶಾಂತಿಪಾಲನಾ ಪಡೆ ಹೋಗಿದ್ದಾಗ. ನಾನು ಕ್ಯಾಪ್ಟನ್. ನಾಲ್ಕು ದಿನದ ಪಡಿತರ ಸಾಕು ಅಂದರು ಮೇಲಿನವರು. ಐದನೇ ದಿನ ಹುಡುಗರು ತೆಂಗಿನಕಾಯಿ ಒಡೆದು ತಿಂದರು. ಕೊನೆಯ ತುಕಡಿ ಅಲ್ಲಿಂದ ಹೊರಟದ್ದು 1990ರ ಮಾರ್ಚ್‌ನಲ್ಲಿ. ಸುಮಾರು 1,200 ಜನ ಬರಲೇ ಇಲ್ಲ.

ಈಗ ಖಾರ್ಕಿವ್. ಗಡಿಯಿಂದ ಬರೇ 40 ಕಿಲೋಮೀಟರ್. 14 ಲಕ್ಷ ಜನರ ಊರು. ಇಷ್ಟು ದೊಡ್ಡ ಊರನ್ನು ಒಂದೇ ದಿನದಲ್ಲಿ ಹಿಡಿಯಲಿಕ್ಕಾಗುವುದಿಲ್ಲ. ಮೊದಲು ಸಣ್ಣ ತುಕಡಿ ಒಳಗೆ ಬಿಟ್ಟು ನೋಡುತ್ತಾರೆ. ಅದು ಪೆಟ್ಟು ತಿಂದು ವಾಪಸ್ ಬರುತ್ತದೆ. ಆಮೇಲೆ ದೂರದಿಂದ ಫಿರಂಗಿ, ರಾಕೆಟ್. ಜಾಸ್ತಿ ಜನ ಸಾಯುವುದು ಆಗ. ನನ್ನ ಪ್ರಕಾರ ಮಧ್ಯೆ ಮೂರು ನಾಲ್ಕು ದಿನ ಸಿಗಬಹುದು. ನಿಮ್ಮ ಮಗನಿಗೆ ಇರುವುದು ಅಷ್ಟೇ ಹೊತ್ತು.

ಅವನಿಗೆ ಇದನ್ನು ಹಾಗೆಯೇ ಕಳಿಸಿ. ಗಡಿ ಹತ್ತಿರ ಅಂತ ರಷ್ಯಾ ಕಡೆಗೆ ಹೋಗಬೇಡ, ಸೈನ್ಯ ಬರುತ್ತಿರುವುದೇ ಆ ದಾರಿಯಲ್ಲಿ. ಹೋಗುವುದಾದರೆ ಪಶ್ಚಿಮಕ್ಕೆ, ರೈಲಿನಲ್ಲಿ, ಹತ್ತು ಜನ ಒಟ್ಟಿಗೆ. ಕರ್ಫ್ಯೂ ಹೊತ್ತಿನಲ್ಲಿ ಹೊರಗೆ ಕಾಲಿಡಬೇಡ. ಕಿಟಕಿಗೂ ನಿನಗೂ ಮಧ್ಯೆ ಎರಡು ಗೋಡೆ ಇರಲಿ. ಬಾಟಲಿ, ಬಕೆಟ್, ಟಬ್ ಎಲ್ಲದರಲ್ಲೂ ಈಗಲೇ ನೀರು ತುಂಬಿಸು, ನಾಳೆ ನಲ್ಲಿಯಲ್ಲಿ ಬಾರದಿರಬಹುದು. ಮಲಗುವಾಗಲೂ ಶೂ ಹಾಕಿಕೊಂಡಿರು. ಟ್ಯಾಂಕ್, ಸೈನಿಕರ ಫೋಟೋ ತೆಗೆಯಬೇಡ. ಅಂಗಡಿಯ ಮುಂದೆ ಉದ್ದ ಕ್ಯೂ ಇದ್ದರೆ ನಿಲ್ಲಬೇಡ, ಹಸಿದಿದ್ದರೂ.

ಬಜ್ಪೆ (ಕುವೈತ್ ರಿಟರ್ನ್): ಟೀಚರೇ, ನಾನೂ ಒಂದು ಸೇರಿಸ್ತೇನೆ. 1990ರ ಆಗಸ್ಟ್ 2, ಎದ್ದು ನೋಡುವಾಗ ರಸ್ತೆಯಲ್ಲಿ ಇರಾಕಿನ ಟ್ಯಾಂಕ್. ಬಾಗ್ದಾದ್ ಮೇಲಿಂದ ಅಮ್ಮಾನ್‌ಗೆ ಬಸ್ಸು, ಅಲ್ಲಿಂದ ಏರ್ ಇಂಡಿಯಾ. ಒಂದೂ ಮುಕ್ಕಾಲು ಲಕ್ಷದಷ್ಟು ಜನರನ್ನು ಹಾಗೆ ತಂದರು. ಪಾಸ್‌ಪೋರ್ಟ್ ಬ್ಯಾಗಿನಲ್ಲಿ ಬೇಡ, ಪ್ಲಾಸ್ಟಿಕ್ ಕವರ್‌ಗೆ ಹಾಕಿ ಬನಿಯನ್ ಒಳಗೆ ಇಡಲಿ. ನನ್ನ ಬ್ಯಾಗ್ ಗಡಿಯಲ್ಲಿ ಹೋಯ್ತು, ಪಾಸ್‌ಪೋರ್ಟ್ ಉಳಿಯಿತು. ಡಾಲರ್ ಇದ್ದರೆ ಸಾಕ್ಸ್ ಒಳಗೆ.

ಕರ್ನಲ್: ಇವರು ಹೇಳಿದ್ದು ಸರಿ. ಕಳಿಸಿ.

26 ಫೆಬ್ರವರಿ

ಕಾಪು: ಕೀವ್‌ನ ಒಬ್ಬನೇ ಪೈಲಟ್ ಆರು ರಷ್ಯನ್ ವಿಮಾನ ಹೊಡೆದ ವಿಡಿಯೋ! ನೋಡಿ ಸಾರ್!

ಕರ್ನಲ್: ಅದು ಕಂಪ್ಯೂಟರ್ ಗೇಮ್.

ಸುರತ್ಕಲ್: ಸಾರ್ ಕೀವ್ 72 ಗಂಟೆಯಲ್ಲಿ ಬೀಳುತ್ತದಂತೆ ಹೌದಾ?

ಕರ್ನಲ್: ಇಲ್ಲ.

ಕದ್ರಿ ಹೋಟೆಲ್: ಕರ್ನಲ್ ಸಾರ್, ಸನ್‌ಫ್ಲವರ್ ಎಣ್ಣೆ ಅಲ್ಲಿಂದಲೇ ಜಾಸ್ತಿ ಬರುವುದಂತೆ. ಡೀಲರ್ ಈಗಲೇ ಸ್ಟಾಕ್ ಇಲ್ಲ ಅಂತಾನೆ. ಎಷ್ಟು ಟಿನ್ ತೆಗೆದಿಡಲಿ?

ಮಲ್ಪೆ: ಸಾರ್ 72 ಗಂಟೆಯಲ್ಲಿ ಕೀವ್ ಹೋಗ್ತದಾ?

ಕರ್ನಲ್: ಮೇಲೆ ನೋಡಿ.

1 ಮಾರ್ಚ್

ಸುರತ್ಕಲ್: ಕೀವ್ ಕಡೆಗೆ 64 ಕಿಲೋಮೀಟರ್ ಉದ್ದದ ಸೇನೆಯ ಸಾಲು ಬರುತ್ತಿದೆ. ಉಪಗ್ರಹದ ಚಿತ್ರ ಬಂದಿದೆ. ಈಗಲೂ 'ಇಲ್ಲ' ಅಂತೀರಾ ಸಾರ್?

ಕರ್ನಲ್: ಈಗಂತೂ ಇಲ್ಲ. ಆ ಚಿತ್ರ ನೋಡಿ ಎಲ್ಲರಿಗೂ ಹೆದರಿಕೆ. ನನಗೆ ಕಂಡದ್ದು ಟ್ರಾಫಿಕ್ ಜಾಮ್. 64 ಕಿಲೋಮೀಟರ್ ಅಂದ್ರೆ ಮಂಗಳೂರಿನ ಪಂಪ್‌ವೆಲ್‌ನಿಂದ ಹೆಚ್ಚುಕಡಿಮೆ ಉಡುಪಿ ದಾಟಿ ಸಂತೆಕಟ್ಟೆವರೆಗೆ ಗಾಡಿ ಹಿಂದೆ ಗಾಡಿ. ಕಾಡು, ಜೌಗು, ಮಧ್ಯೆ ಕಿರಿದಾದ ರಸ್ತೆ. ಹಿಮ ಕರಗಿ ಗದ್ದೆ ಕೆಸರಾದರೆ ಟ್ಯಾಂಕ್ ಕೂಡ ಡಾಂಬರು ಬಿಟ್ಟು ಇಳಿಯುವ ಹಾಗಿಲ್ಲ. ಶಿರಾಡಿ ಘಾಟಿಯಲ್ಲಿ ಒಂದು ಟ್ಯಾಂಕರ್ ಮಗುಚಿದರೆ ಎಂತ ಆಗ್ತದೆ ಅಂತ ನಿಮಗೆ ಗೊತ್ತಲ್ಲ? ಮುಂದಿನ ಗಾಡಿ ಕೆಟ್ಟರೆ ಹಿಂದಿನದ್ದು ಎಂಜಿನ್ ಆನ್ ಇಟ್ಟು ಚಳಿಯಲ್ಲಿ ನಿಲ್ಲುತ್ತದೆ. ಡೀಸೆಲ್ ತರುವ ಲಾರಿ ಸಾಲಿನ ಕೊನೆಯಲ್ಲಿ. ಅದು ಮುಂದೆ ಬರುವುದು ಹೇಗೆ?

ಬ್ರಹ್ಮಾವರ ಟೀಚರ್: ಸಾರ್, ನಿನ್ನೆಯಿಂದ ರಾಕೆಟ್. ನೀವು ಹೇಳಿದ ಹಾಗೆಯೇ ಆಯ್ತು. ರೈಲು ಹತ್ತಲು ಬಿಡುತ್ತಿಲ್ಲ, ಎರಡು ಸಲ ಸ್ಟೇಷನ್‌ಗೆ ಹೋಗಿ ವಾಪಸ್ ಬಂದ. ಹಾವೇರಿ ಜಿಲ್ಲೆಯ ಹುಡುಗ ಹೋಗಿಬಿಟ್ಟನಂತೆ. ಅಂಗಡಿ ಮುಂದೆ ಕ್ಯೂನಲ್ಲಿ ನಿಂತಿದ್ದನಂತೆ.

ಮಲ್ಪೆ: ಬೇಜಾರಾಯ್ತು. ಆದ್ರೆ ಕೇಳ್ತೇನೆ, ಇಲ್ಲಿ ನೀಟ್‌ನಲ್ಲಿ ಮಾರ್ಕ್ ಬಾರದವರು ಅಲ್ಲಿಗೆ ಹೋಗಿ, ಈಗ ಸರ್ಕಾರದ ಖರ್ಚಿನಲ್ಲಿ ಕರೆತನ್ನಿ ಅಂದ್ರೆ ಹೇಗೆ?

ಕದ್ರಿ ಹೋಟೆಲ್: ಇಲ್ಲಿ ಪ್ರೈವೇಟ್ ಸೀಟಿಗೆ ಒಂದು ಕೋಟಿ ಕೇಳ್ತಾರೆ. ನೀವು ಕೊಡ್ತೀರಾ?

ಮಲ್ಪೆ: ನನ್ನ ಮಗಳು ಇಲ್ಲೇ ಓದಿ ನರ್ಸ್ ಆದಳು. ಡಾಕ್ಟರೇ ಆಗಬೇಕಂತ ಹಟ ಯಾಕೆ?

ಕಾರ್ಕಳ ಮಾಸ್ಟ್ರು: ಸೀಟು ಕಡಿಮೆ ಇರುವುದು ಮೂಲ ಸಮಸ್ಯೆ. ಇನ್ನು ಮೀಸಲಾತಿ...

ಕಾಪು: ಬಂತು ನೋಡಿ ಮೀಸಲಾತಿ. ಮಾಸ್ಟ್ರೇ, ನಿಮ್ಮ ಕಾಲದಲ್ಲಿ ನಿಮಗೆ ಕೆಲಸ ಸಿಕ್ಕಿದ್ದು ಹೇಗೆ ಅಂತ ಊರಿಗೇ ಗೊತ್ತುಂಟು.

ಕಾರ್ಕಳ ಮಾಸ್ಟ್ರು: ನಾಲಗೆ ಬಿಗಿ ಹಿಡಿ. ನಿನ್ನ ಅಪ್ಪನಿಗೆ ಪಾಠ ಹೇಳಿಕೊಟ್ಟವನು ನಾನು.

ಬ್ರಹ್ಮಾವರ ಟೀಚರ್: ನನ್ನ ಮಗನಿಗೆ ನೀಟ್‌ನಲ್ಲಿ ಎಷ್ಟು ಬಂತು ಅಂತ ಅವನು ಮನೆಗೆ ಬಂದ ಮೇಲೆ ಹೇಳ್ತೇನೆ.

ಅಡ್ಮಿನ್: ಎಲ್ಲರೂ ಸ್ವಲ್ಪ ಸುಮ್ಮನಿರಿ.

2 ಮಾರ್ಚ್

ಬ್ರಹ್ಮಾವರ ಟೀಚರ್: ಸಾರ್, ತುರ್ತು. ಸಂಜೆ ಆರರೊಳಗೆ ಖಾರ್ಕಿವ್ ಬಿಡಬೇಕು, ಗಾಡಿ ಇಲ್ಲದಿದ್ದರೆ ನಡೆದಾದರೂ ಹೋಗಿ ಅಂತ ರಾಯಭಾರ ಕಚೇರಿಯವರು ಹೇಳಿದ್ದಾರೆ. ಪೆಸೊಚಿನ್, ಬಾಬಾಯ್, ಬೆಜ್ಲ್ಯುದಿವ್ಕಾ ಅಂತ ಮೂರು ಊರು. ಆದ್ರೆ ಇಲ್ಲಿ ಫಾರ್ವರ್ಡ್ ಬಂದಿದೆ, ಭಾರತೀಯರಿಗಾಗಿ ರಷ್ಯಾ ಆರು ಗಂಟೆ ಯುದ್ಧ ನಿಲ್ಲಿಸಿದೆ ಅಂತ. ಹಾಗಾದ್ರೆ ಬಸ್ಸಿಗೆ ಕಾಯಬಹುದಲ್ಲ?

ಕರ್ನಲ್: ಕಾಯಬಾರದು. ಅಲ್ಲಿಯ ಆರು ಗಂಟೆ ಅಂದ್ರೆ ನಮ್ಮ ರಾತ್ರಿ ಒಂಬತ್ತೂವರೆ. ಪೆಸೊಚಿನ್ 11 ಕಿಲೋಮೀಟರ್, ಮೂರು ಗಂಟೆ ನಡಿಗೆ. ಕೂಡಲೇ ಹೊರಡಲಿ. ಪುಸ್ತಕ, ಲ್ಯಾಪ್‌ಟಾಪ್ ಬಿಡಲಿ. ನೀರು, ಚಾರ್ಜರ್, ಟೋಪಿ, ಸಾಕು. ಸದ್ದು ಕೇಳಿದರೆ ರಸ್ತೆ ಬದಿಯ ತಗ್ಗಿನಲ್ಲಿ ಬೋರಲು ಮಲಗಲಿ.

ಯುದ್ಧ ನಿಲ್ಲಿಸಿದ್ದಾರೆ ಅಂತ ಫಾರ್ವರ್ಡ್ ಮಾಡಿದವರು ಯಾರು? ಇದೇ ಗ್ರೂಪಿನಲ್ಲಿ ನಾಲ್ಕು ಜನ ಹಾಕಿದ್ದೀರಿ. ಹೆಮ್ಮೆ ಪಡಲಿಕ್ಕೆ ಬೇರೆ ವಿಷಯ ಹುಡುಕಿ ಮಾರಾಯ್ರೆ. ಇದನ್ನು ನಂಬಿ ಒಬ್ಬ ಹುಡುಗ ಒಂದು ಗಂಟೆ ಕೂತರೆ ಆ ಗಂಟೆ ನಿಮ್ಮ ತಲೆಯ ಮೇಲೆ. ಡಿಲೀಟ್ ಮಾಡಿ. ಈಗಲೇ.

ಸುರತ್ಕಲ್: ನಾನು ಒಳ್ಳೆಯದಕ್ಕೇ ಹಾಕಿದ್ದು. ಇಷ್ಟು ಜೋರು ಮಾಡಬೇಕಾ?

ಕರ್ನಲ್: ಹೌದು.

4 ಮಾರ್ಚ್

ಬೈಂದೂರು ಜೋಯಿಸರು: ಉಕ್ರೇನಿನ ಅಣು ಸ್ಥಾವರಕ್ಕೆ ಬೆಂಕಿ! ವಿಕಿರಣ ಗಾಳಿಯಲ್ಲಿ ಬರುತ್ತದೆ. ನಮಗೆ ಕೈಗಾ ಕೂಡ ಹತ್ತಿರ. ಅಯೋಡಿನ್ ಉಪ್ಪು ಬಿಸಿನೀರಿಗೆ ಹಾಕಿ ದಿನಕ್ಕೆ ಮೂರು ಸಲ ಕುಡಿಯಿರಿ. ಹತ್ತು ಜನರಿಗೆ ಕಳಿಸಿ.

ಕರ್ನಲ್: ಕುಡಿಯಬೇಡಿ. ಬೆಂಕಿ ಬಿದ್ದದ್ದು ತರಬೇತಿ ಕಟ್ಟಡಕ್ಕೆ, ಆರಿಸಿಯೂ ಆಯ್ತು. ವಿಕಿರಣ ಏರಿಲ್ಲ. ವಿಕಿರಣ ಬಂದಾಗ ಕೊಡುವ ಮಾತ್ರೆಯಲ್ಲಿ ಸುಮಾರು 100 ಮಿಲಿಗ್ರಾಂ ಅಯೋಡಿನ್ ಇರುತ್ತದೆ. ಅಷ್ಟು ಉಪ್ಪಿನಿಂದ ಸಿಗಬೇಕಾದರೆ ಮೂರು ಕೆಜಿಗಿಂತ ಜಾಸ್ತಿ ತಿನ್ನಬೇಕು. ವಿಕಿರಣದ ಮೊದಲು ಉಪ್ಪೇ ಕೊಲ್ಲುತ್ತದೆ. ಈ ಗ್ರೂಪಿನಲ್ಲಿ ಅರ್ಧ ಜನಕ್ಕೆ ಬಿಪಿ ಉಂಟು.

ಕದ್ರಿ ಹೋಟೆಲ್: ಸಾರ್, ಎಣ್ಣೆ ವಿಷಯ ಕೇಳಿದ್ದೆ. ಗೋಳಿಬಜೆ ದರ ಏರಿಸಬೇಕಾ ಅಂತ.

7 ಮಾರ್ಚ್

ಬ್ರಹ್ಮಾವರ ಟೀಚರ್: ಡೆಲ್ಲಿ ಮುಟ್ಟಿದ. ಮೂರು ಗಂಟೆಯ ದಾರಿಗೆ ಐದು ಗಂಟೆ ನಡೆದನಂತೆ. ಪೆಸೊಚಿನ್‌ನಲ್ಲಿ ಎರಡು ರಾತ್ರಿ, ಆಮೇಲೆ ಬಸ್ಸು. ಕಾಲು ಬಾತಿದೆ. ಬಜ್ಪೆಯವರೇ, ಬ್ಯಾಗ್ ಹೋಯ್ತಂತೆ, ಪಾಸ್‌ಪೋರ್ಟ್ ಬನಿಯನ್ ಒಳಗೆ ಇತ್ತು.

ಬಜ್ಪೆ (ಕುವೈತ್ ರಿಟರ್ನ್): ದೇವರು ದೊಡ್ಡವನು. ಮೊದಲು ಗಂಜಿ, ಉಪ್ಪಿನಕಾಯಿ ಕೊಡಿ. ಪ್ರಶ್ನೆ ಆಮೇಲೆ.

3 ಏಪ್ರಿಲ್

ಸುರತ್ಕಲ್: ಕೀವ್ ಸುತ್ತ ರಷ್ಯಾ ಜಾಗ ಖಾಲಿ ಮಾಡಿದೆ. ಕರ್ನಲ್ ಸಾರ್ ಗೆದ್ದರು. ಇನ್ನು ಎಷ್ಟು ದಿನದಲ್ಲಿ ಮುಗಿಯುತ್ತದೆ?

ಕಾರ್ಕಳ ಮಾಸ್ಟ್ರು: ಸೇನೆ ಸರಿ ಇದ್ದರೆ 13 ದಿನ ಸಾಕು. 1971ರ ಬಾಂಗ್ಲಾ ಯುದ್ಧದಲ್ಲಿ ನಾವು ತೋರಿಸಿಲ್ವಾ? 93 ಸಾವಿರ ಜನ ಶರಣಾದರು.

ಕರ್ನಲ್: ಮಾಸ್ಟ್ರೇ, ನೀವು 13 ದಿನ ಮಾತ್ರ ಎಣಿಸಿದ್ದೀರಿ. ಅದರ ಹಿಂದೆ ಏಪ್ರಿಲ್‌ನಿಂದ ಡಿಸೆಂಬರ್‌ವರೆಗೆ ತಯಾರಿ ಉಂಟು. ಮಳೆ ನಿಲ್ಲಬೇಕಿತ್ತು, ನದಿ ಇಳಿಯಬೇಕಿತ್ತು, ಉತ್ತರದ ಕಣಿವೆಗಳಲ್ಲಿ ಹಿಮ ಬಿದ್ದು ಚೀನಾದ ದಾರಿ ಮುಚ್ಚಬೇಕಿತ್ತು. ಅಲ್ಲಿಯ ಜನ ನಮ್ಮನ್ನು ಕರೆದರು, ದಾರಿ ತೋರಿಸಿದರು. ಮತ್ತೆ 1972ರ ಮಾರ್ಚ್‌ನಲ್ಲಿ ನಾವು ಹೊರಟೂ ಆಯ್ತು. ಹೊರಡುವ ದಿನವನ್ನು ಯಾರೂ ಪಾಠದಲ್ಲಿ ಹೇಳುವುದಿಲ್ಲ.

ಇರಾಕ್ ನೋಡಿ. 2003ರ ಮಾರ್ಚ್ 20ಕ್ಕೆ ಅಮೆರಿಕದವರು ನುಗ್ಗಿದರು, ಏಪ್ರಿಲ್ 9ಕ್ಕೆ ಬಾಗ್ದಾದ್‌ನಲ್ಲಿ ಸದ್ದಾಂ ಪ್ರತಿಮೆ ಉರುಳಿತು. ಮೂರೇ ವಾರ. ಹಿಡಿದಿಡಲು ಹಲವು ಲಕ್ಷ ಸೈನಿಕರು ಬೇಕು ಅಂತ ಅವರದೇ ಸೇನಾ ಮುಖ್ಯಸ್ಥ ಶಿನ್ಸೆಕಿ ಫೆಬ್ರವರಿಯಲ್ಲೇ ಹೇಳಿದ್ದರು, ಕೇಳಲಿಲ್ಲ. ಮೇ 23ಕ್ಕೆ ಇರಾಕಿನ ಸೇನೆಯನ್ನೇ ವಿಸರ್ಜಿಸಿದರು. ಲಕ್ಷಾಂತರ ಗಂಡಸರು, ಕೈಯಲ್ಲಿ ಕೆಲಸ ಇಲ್ಲ, ಮನೆಯಲ್ಲಿ ಬಂದೂಕು ಉಂಟು. ಮುಂದಿನದ್ದು ಎಂಟು ವರ್ಷ.

ಈಗ ಕೀವ್ ಬಿಟ್ಟ ಸೈನ್ಯ ಮನೆಗೆ ಹೋಗಲಿಲ್ಲ, ಪೂರ್ವಕ್ಕೆ ಹೋಗ್ತಾ ಉಂಟು. ಅಲ್ಲಿ ರೈಲು ಅವರ ಬೆನ್ನಿಗೇ ಉಂಟು, ಲಾರಿ ಓಡಬೇಕಾದ ದೂರ ಕಡಿಮೆ. ಅಲ್ಲಿ ಗುಂಡಿನ ಲೆಕ್ಕ ನಡೆಯುತ್ತದೆ. ದೊಡ್ಡ ಫಿರಂಗಿಯ ಒಂದು ಗುಂಡು 45 ಕೆಜಿ, ಅಕ್ಕಿ ಮೂಟೆಯಷ್ಟು. ದಿನಕ್ಕೆ ಸಾವಿರಾರು. ಇಬ್ಬರೂ ಎಷ್ಟು ಕಾಲ ತಯಾರಿಸುತ್ತಾರೆ ಅನ್ನುವುದನ್ನು ನೋಡಬೇಕು. ನಾನು ನೋಡುವುದು ವರ್ಷದ ಲೆಕ್ಕ.

ಬೈಂದೂರು ಜೋಯಿಸರು: ಗುರು ಮೀನಕ್ಕೆ ಬರಲು ಇನ್ನು ಹತ್ತು ದಿನ. ನೋಡುವಾ.

ಕಾಪು: ವರ್ಷ ಅಂತೆ! ಫೆಬ್ರವರಿಯಲ್ಲಿ ಯುದ್ಧವೇ ಇಲ್ಲ ಅಂದವರಲ್ವಾ ನೀವು?

ಕರ್ನಲ್: ಹೌದು, ನಾನೇ.

ಕದ್ರಿ ಹೋಟೆಲ್: ಎಣ್ಣೆ???

ಬ್ರಹ್ಮಾವರ ಟೀಚರ್: ಸಾರ್, ಒಂದು ಕೇಳಲಿಕ್ಕಿತ್ತು. ಅವನ ಕಾಲೇಜಿನವರು ಆನ್‌ಲೈನ್ ಕ್ಲಾಸ್ ಶುರು ಮಾಡಿದ್ದಾರೆ. ಪಾಠ ಮಾಡುವವರು ನೆಲಮಾಳಿಗೆಯಲ್ಲಿ ಕೂತಿರುತ್ತಾರಂತೆ, ಹಿಂದೆ ಬರೇ ಗೋಡೆ ಕಾಣುತ್ತದೆ. ಸೆಪ್ಟೆಂಬರ್‌ನಲ್ಲಿ ವಾಪಸ್ ಹೋಗ್ತೇನೆ ಅಂತಾನೆ ಇವನು. ಹೋಗಬಹುದಾ?

ಕರ್ನಲ್: ಟೀಚರೇ, ಇದನ್ನು ನನ್ನ ಹತ್ತಿರ ಕೇಳಬೇಡಿ. ಶನಿವಾರ ಹುಡುಗನನ್ನು ಮನೆಗೆ ಕರೆದುಕೊಂಡು ಬನ್ನಿ, ಊಟಕ್ಕೆ.