ಗ್ರೀನ್‌ಗಳಿಗೆ ಗಾಳಿಯಾಡಿಸಲು ಯಾವ ಯಂತ್ರ ಸೂಕ್ತ?

ಪ್ರಶ್ನೆ:
ಚಿಕ್ಕಮಗಳೂರು ಸಮೀಪದ ನಮ್ಮ ಒಂಬತ್ತು ಹೋಲ್‌ಗಳ ಗಾಲ್ಫ್ ಮೈದಾನದ ಬರ್ಮುಡಾ ಹುಲ್ಲಿನ ಗ್ರೀನ್‌ಗಳು (ಕುಳಿಯ ಸುತ್ತ ನುಣ್ಣಗೆ ಕತ್ತರಿಸಿದ ಹುಲ್ಲಿನ ಜಾಗ) ಮಳೆಗಾಲ ಮುಗಿಯುವ ಹೊತ್ತಿಗೆ ಬಿಗಿದುಕೊಂಡು, ನೀರು ಇಂಗದೆ ನಿಲ್ಲುತ್ತದೆ. ಎಳೆದೊಯ್ಯುವ ಮೊಳೆ ರೋಲರ್ ಸಾಕೇ, ಅಥವಾ ಮಣ್ಣನ್ನು ಹೊರತೆಗೆಯುವ ಏರೇಟರ್ ಕೊಳ್ಳಬೇಕೇ ಎಂಬುದನ್ನು ಬಲ್ಲವರು ದಯವಿಟ್ಟು ತಿಳಿಸಿ.

ಉತ್ತರ 1:
ಯಂತ್ರದ ಮಾತಿಗೆ ಮುನ್ನ ಕಪ್ ಕಟರ್‌ನಿಂದ (ಗ್ರೀನ್‌ನಲ್ಲಿ ಕುಳಿ ಕೊರೆಯುವ ಸಾಧನ) ಒಂದು ತುಂಡು ತೆಗೆದು ನೋಡಿ. ಹುಲ್ಲಿನ ಬುಡದಲ್ಲಿ ಸ್ಪಂಜಿನಂತೆ ಅದುಮುವ ಕಂದು ಥ್ಯಾಚ್ (ಸತ್ತ ಹುಲ್ಲು-ಬೇರುಗಳ) ಪದರವು ಅರ್ಧ ಇಂಚು ಮೀರಿದ್ದರೆ ಮೊಳೆ ರೋಲರ್‌ನಿಂದ ಪ್ರಯೋಜನವಿಲ್ಲ. ಅದು ಏನನ್ನೂ ಹೊರತೆಗೆಯದೆ ಮಣ್ಣನ್ನು ಪಕ್ಕಕ್ಕೆ ತಳ್ಳುತ್ತದೆ, ಒದ್ದೆ ಜೇಡಿಯಲ್ಲಂತೂ ರಂಧ್ರದ ಗೋಡೆಯೇ ಗಟ್ಟಿಯಾಗುತ್ತದೆ. ಏರೇಟರ್‌ನ ಟೊಳ್ಳು ಟೈನ್‌ಗಳಿಂದ (ಕೊಳವೆಯಂತಹ ಮೊನೆಗಳಿಂದ) ಮೂರು-ನಾಲ್ಕು ಇಂಚು ಆಳಕ್ಕೆ ಮಣ್ಣು ತೆಗೆದು, ಆ ರಂಧ್ರಗಳಿಗೆ ಒಣ ಮರಳು ತುಂಬುವುದೇ ಸರಿಯಾದ ಕ್ರಮ. ಮೊಳೆ ರೋಲರ್ ನಡುನಡುವಿನ ಹಗುರ ಆರೈಕೆಗಿರಲಿ.

ಉತ್ತರ 2:
ಮೇಲಿನವರ ಮಾತು ಸರಿ. ಆದರೆ ಉರುಳುವ ಡ್ರಮ್‌ಗೆ ಟೊಳ್ಳು ಟೈನ್ ಜೋಡಿಸಿದ ಅಗ್ಗದ ಯಂತ್ರವನ್ನು ಗ್ರೀನ್ ಮೇಲೆ ತರಬೇಡಿ. ಟೈನ್ ಓರೆಯಾಗಿ ಹೊರಬರುವಾಗ ರಂಧ್ರದ ಬಾಯಿ ಹರಿಯುತ್ತದೆ. ಟೈನ್‌ಗಳು ನೇರವಾಗಿ ಇಳಿದು ಏಳುವ, ಟೋರೋ ಪ್ರೋಕೋರ್ 648 ಮಾದರಿಯಂತಹ, ಹಿಂದೆ ನಡೆದು ನಡೆಸುವ ಯಂತ್ರ ಉತ್ತಮ; ಅದರ ಕೆಲಸದ ಅಗಲ 48 ಇಂಚು. ಮರಳಿನಲ್ಲಿ ಟೈನ್‌ಗಳು ಬೇಗ ಸವೆಯುವುದರಿಂದ, ಬೆಲೆ ಕೇಳುವಾಗಲೇ ಬಿಡಿಭಾಗ ಎಲ್ಲಿ ಸಿಗುತ್ತದೆಂದೂ ಕೇಳಿ.

ಪ್ರಶ್ನಿಸಿದವರು:
ಧನ್ಯವಾದಗಳು. ಯಾವ ತಿಂಗಳು ಸೂಕ್ತ?

ಉತ್ತರ 1:
ಕಾಫಿಯ ಹೂಮಳೆ ಮುಗಿದು ಬಿಸಿಲೇರಿದ ಮೇಲೆ, ಏಪ್ರಿಲ್-ಮೇ ತಿಂಗಳಲ್ಲಿ ಮಾಡಿ. ಮಲೆನಾಡಿನ ಜುಲೈ ಮೋಡದಡಿಯಲ್ಲಿ ಬರ್ಮುಡಾ ಸೊರಗುವುದರಿಂದ ರಂಧ್ರಗಳು ಮುಚ್ಚಿಕೊಳ್ಳುವುದು ನಿಧಾನ, ಮರಳೂ ಒಣಗುವುದಿಲ್ಲ.